ಸರ್ಕಾರಿ ನೌಕರರಿಗೆ ಅಂಗಡಿಯಲ್ಲಿ ರಿಯಾಯಿತಿ: ಕೊಡಬೇಕಾ, ಬೇಡವಾ?

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ನನ್ನ ಚಪ್ಪಲಿ, ಶೂ, ಸ್ಕೂಲ್ ಬ್ಯಾಗಿನ ಅಂಗಡಿ ಇದೆ. 14 ವರ್ಷ ಆಯಿತು. ತಿಂಗಳಿಗೆ ಸುಮಾರು 4 ಲಕ್ಷ ರೂಪಾಯಿ ವ್ಯಾಪಾರ. ನೂರು ರೂಪಾಯಿ ಮಾಲು ಮಾರಿದರೆ ಸರಾಸರಿ 25 ರೂಪಾಯಿ ಸಿಗುತ್ತದೆ. ಬಾಡಿಗೆ, ಇಬ್ಬರು ಹುಡುಗರ ಸಂಬಳ, ಕರೆಂಟು, ಬ್ಯಾಂಕಿನ ಬಡ್ಡಿ ಎಲ್ಲ ಕಳೆದು ಕೈಗೆ 40 ಸಾವಿರ ಉಳಿಯುತ್ತದೆ. ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಪದ್ಧತಿ, ಕಾಂಪೊಸಿಷನ್‌ನಲ್ಲಿದ್ದೇನೆ. ನಮ್ಮ ವ್ಯಾಪಾರದಲ್ಲಿ ಹತ್ತರಲ್ಲಿ ಮೂರು ಪಾಲು ಸರ್ಕಾರಿ ನೌಕರರದ್ದು. ಊರಲ್ಲಿ ಅವರು ಸುಮಾರು 900 ಜನ ಇರಬಹುದು. ಹೋದ ವಾರ ನೌಕರರ ಸಂಘದಲ್ಲಿರುವ ಒಬ್ಬರು ಮಾಸ್ತರರು ಬಂದು, 'ನಮ್ಮವರಿಗೆಲ್ಲ ಹತ್ತು ಪರ್ಸೆಂಟ್ ಬಿಡ್ರಿ, ಎಲ್ಲರನ್ನೂ ನಿಮ್ಮ ಅಂಗಡಿಗೇ ಕಳಿಸ್ತೇವಿ' ಅಂದರು. ಹೋದ ವರ್ಷ ಎರಡು ಸರ್ಕಾರಿ ಶಾಲೆಗಳಿಗೆ ಮಕ್ಕಳ ಶೂ ಕೊಟ್ಟಿದ್ದು ನಾನೇ. ಅದರಲ್ಲೊಂದು ಇವರ ಶಾಲೆ. ಮಗಳು, 'ಇಂಗ್ಲೆಂಡಿನಲ್ಲಿ ನರ್ಸ್, ಪೊಲೀಸರಿಗೆ ಎಲ್ಲ ಕಡೆ ಡಿಸ್ಕೌಂಟ್ ಇದೆ, ಕೊಡಿ ಅಪ್ಪಾ' ಅನ್ನುತ್ತಾಳೆ. ಮನೆಯವರು, 'ತಿಂಗಳಾದ್ರೆ ಸಂಬಳ ಬರೋರಿಗೆ ಯಾಕೆ ಕಡಿಮೆ? ಹಮಾಲಿ ಮಾಡೋರಿಗೆ ಬಿಡ್ರಿ' ಅನ್ನುತ್ತಾರೆ. ಇನ್ನೊಂದು ಮಾತು. ನಮ್ಮ ಅಂಗಡಿಯ ಲೈಸೆನ್ಸ್‌ಗೆ ಸಹಿ ಹಾಕುವ ಒಬ್ಬ ಅಧಿಕಾರಿ ಎರಡು ತಿಂಗಳ ಹಿಂದೆ 1,150 ರೂಪಾಯಿಯ ಶೂ ತೆಗೆದುಕೊಂಡು 'ಆಮೇಲೆ ನೋಡೋಣ' ಅಂತ ಹೋದರು. ರಿಯಾಯಿತಿ ಅಂತ ಒಂದು ಪದ್ಧತಿ ಮಾಡಿದರೆ ಇಂಥದ್ದಕ್ಕೂ ಒಂದು ದಾರಿ ಆಗುತ್ತದಾ? ಏನು ಮಾಡಲಿ? ಹೆಸರು ಹಾಕಬೇಡಿ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಮೇಲ್ನೋಟಕ್ಕೆ ಪ್ರಶ್ನೆ ಒಂದೇ. ಒಳಗೆ ಮೂರಿವೆ. ಹತ್ತು ಪರ್ಸೆಂಟ್ ಬಿಟ್ಟರೆ ಅಂಗಡಿಗೆ ಗಿಟ್ಟುತ್ತದಾ ಅನ್ನೋದು ಒಂದು. ಸಂಬಳದವರಿಗೆ ಬಿಟ್ಟು ಕೂಲಿಯವರಿಗೆ ಬಿಡದೆ ಇರೋದು ಸರಿಯಾ ಅನ್ನೋ ನಿಮ್ಮ ಮನೆಯವರ ಪ್ರಶ್ನೆ ಇನ್ನೊಂದು. ಆ ಅಧಿಕಾರಿಯ 1,150 ರೂಪಾಯಿ ಮೂರನೆಯದು. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಈ ಮೂರನೆಯದೇ ಅಂತ ನನಗೆ ಅನ್ನಿಸಿತು.

22 ವರ್ಷದಿಂದ ದಾವಣಗೆರೆ, ಹಾವೇರಿ ಕಡೆಯ ಸಣ್ಣ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ. ಬಟ್ಟೆ ಅಂಗಡಿ, ಬೇಕರಿ, ಮೊಬೈಲ್ ಅಂಗಡಿ, ಖಾನಾವಳಿ ಎಲ್ಲ ನೋಡಿದ್ದೇನೆ. ಈ ಪ್ರಶ್ನೆ ವರ್ಷಕ್ಕೆ ಎರಡು ಮೂರು ಸಲವಾದರೂ ನನ್ನ ಮೇಜಿಗೆ ಬರುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಂಘದವರು ಕೇಳಿದ ಹಾಗೆ ವರ್ಷಪೂರ್ತಿ ಹತ್ತು ಪರ್ಸೆಂಟ್ ಬೇಡ. ಹಾಗಂತ ಬಾಗಿಲು ಹಾಕೋದೂ ಬೇಡ. ನಡುವೆ ಒಳ್ಳೆಯ ದಾರಿಗಳಿವೆ.

ಮೊದಲು ಲೆಕ್ಕ. 4 ಲಕ್ಷದಲ್ಲಿ ನೌಕರರ ಪಾಲು 1 ಲಕ್ಷ 20 ಸಾವಿರ. ಇವರು ಈಗಾಗಲೇ ಪೂರ್ತಿ ಬೆಲೆ ಕೊಟ್ಟು ತೆಗೆದುಕೊಳ್ಳುತ್ತಿದ್ದಾರೆ. ನಾಳೆಯಿಂದ ಹತ್ತು ಪರ್ಸೆಂಟ್ ಬಿಟ್ಟರೆ ಮೊದಲ ದಿನದಿಂದಲೇ ತಿಂಗಳಿಗೆ 12 ಸಾವಿರ ಹೋಗುತ್ತದೆ. ಅದು ವ್ಯಾಪಾರದಲ್ಲಿ ಹೋಗೋದಲ್ಲ, ನಿಮ್ಮ ಕೈಗೆ ಉಳಿಯುವ 40 ಸಾವಿರದಲ್ಲಿ ಹೋಗೋದು. ಬಾಡಿಗೆ ಕಡಿಮೆಯಾಗಲ್ಲ, ಹುಡುಗರ ಸಂಬಳ ಕಡಿಮೆಯಾಗಲ್ಲ. ಉಳಿಯೋದು 28 ಸಾವಿರ.

'ವ್ಯಾಪಾರ ಜಾಸ್ತಿ ಆಗುತ್ತಲ್ಲ, ಅದರಲ್ಲಿ ಸರಿಹೋಗುತ್ತೆ' ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಜಾಸ್ತಿ ಆಗಬೇಕು ಅಂತ ಯಾರೂ ಲೆಕ್ಕ ಹಾಕಿರೋದಿಲ್ಲ. ಈಗ ಈ 1 ಲಕ್ಷ 20 ಸಾವಿರದಲ್ಲಿ ನಿಮಗೆ ಸಿಗುವುದು 30 ಸಾವಿರ. ರಿಯಾಯಿತಿ ಕೊಟ್ಟ ಮೇಲೆ ನೂರಕ್ಕೆ 25ರ ಬದಲು 15 ಸಿಗುತ್ತದೆ. ಅದೇ 30 ಸಾವಿರ ಬರಬೇಕಾದರೆ ಹಳೆ ಬೆಲೆಯ ಲೆಕ್ಕದಲ್ಲಿ 2 ಲಕ್ಷದ ಮಾಲು ನೌಕರರಿಗೇ ಮಾರಬೇಕು. ಅಂದರೆ 80 ಸಾವಿರದಷ್ಟು ಹೆಚ್ಚು. ಜೋಡಿಗೆ ಸರಾಸರಿ 600 ರೂಪಾಯಿ ಹಿಡಿದರೂ ತಿಂಗಳಿಗೆ 133 ಜೋಡಿ ಹೆಚ್ಚು ಹೋಗಬೇಕು. ವರ್ಷಕ್ಕೆ 1,600 ಜೋಡಿ. ಇದೆಲ್ಲ ಮಾಡಿ ನೀವು ಬಂದು ನಿಲ್ಲೋದು ಈಗ ಇರುವ ಜಾಗದಲ್ಲೇ. ಒಂದು ರೂಪಾಯಿ ಹೆಚ್ಚು ಉಳಿಯುವುದಿಲ್ಲ. ಮೇಲಿಂದ ಅಷ್ಟು ಸ್ಟಾಕ್ ತರಲು ಹೆಚ್ಚು ಬಂಡವಾಳ ಬೇಕು, ಅದಕ್ಕೆ ಬಡ್ಡಿ ಬೇರೆ.

ಚಹಾ ಅಂಗಡಿಯಾದರೆ ಗಿರಾಕಿ ದಿನಾ ಬರುತ್ತಾನೆ. ಚಪ್ಪಲಿ ಹಾಗಲ್ಲ. ಕಡಿಮೆ ಬೆಲೆಗೆ ಸಿಗುತ್ತೆ ಅಂತ ಯಾರೂ ವರ್ಷಕ್ಕೆ ಆರು ಜೋಡಿ ತೆಗೆದುಕೊಳ್ಳಲ್ಲ. ಬೇರೆ ಅಂಗಡಿಗೆ ಹೋಗುತ್ತಿದ್ದವರು ನಿಮ್ಮಲ್ಲಿಗೆ ಬರಬೇಕು, ಅಷ್ಟೆ. ಆಗ ಎದುರಿನ ಅಂಗಡಿಯವರು ಸುಮ್ನೆ ಕೂರುತ್ತಾರಾ? ಅವರೂ ಹನ್ನೆರಡು ಪರ್ಸೆಂಟ್ ಅಂತ ಬೋರ್ಡ್ ಹಾಕುತ್ತಾರೆ. ಒಮ್ಮೆ ಒಂದೇ ರಸ್ತೆಯ ಮೂರು ಬಟ್ಟೆ ಅಂಗಡಿಗಳಲ್ಲಿ ಇದನ್ನು ಕಣ್ಣಾರೆ ನೋಡಿದೆ. ವರ್ಷದ ಕೊನೆಗೆ ಗಿರಾಕಿಗಳು ಮೊದಲಿನಂತೆಯೇ ಮೂರೂ ಕಡೆ ಹಂಚಿಹೋಗಿದ್ದರು. ಮೂವರ ಲಾಭ ಮಾತ್ರ ಇಳಿದಿತ್ತು.

ಇದೇ ಲೆಕ್ಕವನ್ನು ಐದು ಪರ್ಸೆಂಟಿಗೆ ಹಾಕಿ ನೋಡಿ. ನೂರಕ್ಕೆ 20 ಸಿಗುತ್ತದೆ. ಬೇಕಾಗುವುದು 30 ಸಾವಿರದಷ್ಟು ಹೆಚ್ಚು ಮಾರಾಟ, ತಿಂಗಳಿಗೆ 50 ಜೋಡಿ. ರಿಯಾಯಿತಿ ಅರ್ಧ ಮಾಡಿದರೆ ಹೊರೆ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. 50 ಜೋಡಿ ಅಂದರೆ ದಿನಕ್ಕೆ ಎರಡಕ್ಕಿಂತ ಕಡಿಮೆ. ಶಾಲೆ ಶುರುವಾಗುವ ಮೇ ಕೊನೆ, ಜೂನ್ ಹೊತ್ತಿಗೆ ಇದು ಆಗದ ಮಾತಲ್ಲ.

ಈಗ ನಿಮ್ಮ ಮಗಳ ಮಾತು. ಇಂಗ್ಲೆಂಡಿನ ವಿಷಯ ಅವಳು ಹೇಳಿದ್ದು ಸುಳ್ಳಲ್ಲ. ಅಲ್ಲಿ 2008ರಲ್ಲಿ ಬ್ಲೂ ಲೈಟ್ ಕಾರ್ಡ್ ಅಂತ ಶುರುವಾಯಿತು. ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸ್‌ನವರು, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಸಿಬ್ಬಂದಿ ಸಣ್ಣ ಶುಲ್ಕ ಕಟ್ಟಿ ಸದಸ್ಯರಾಗುತ್ತಾರೆ. ಕಾರ್ಡ್ ತೋರಿಸಿದರೆ ಅಂಗಡಿ, ಹೋಟೆಲುಗಳಲ್ಲಿ ಕಡಿಮೆ ಆಗುತ್ತದೆ. ಆದರೆ ಅದರಲ್ಲಿ ಸೇರಿರುವ ದೊಡ್ಡ ದೊಡ್ಡ ಸರಣಿ ಅಂಗಡಿಗಳನ್ನು ನೋಡಿ. ಅವರ ಖರೀದಿ ಬೆಲೆ ಬೇರೆ, ಲಾಭದ ಪಾಲು ಬೇರೆ. ನೂರಕ್ಕೆ 60 ಉಳಿಯುವ ಕಡೆ ಹತ್ತು ಬಿಡುವುದು ಒಂದು ಲೆಕ್ಕ, 25 ಉಳಿಯುವ ಕಡೆ ಹತ್ತು ಬಿಡುವುದು ಬೇರೆಯೇ ಲೆಕ್ಕ.

ನಮ್ಮಲ್ಲೂ ಕಾರಿನ ಕಂಪನಿಗಳು ಸರ್ಕಾರಿ ನೌಕರರಿಗೆ ರಿಯಾಯಿತಿ ಕೊಡುತ್ತವೆ. ಬ್ಯಾಂಕುಗಳು ಸ್ಯಾಲರಿ ಪ್ಯಾಕೇಜ್ ಅಂತ ಅವರಿಗೆ ಬೇರೆ ಖಾತೆ, ವಿಮೆ, ಸಾಲದ ಸೌಲಭ್ಯ ಇಟ್ಟಿವೆ. ಇದಕ್ಕೆ ಕಾರಣ ಅಭಿಮಾನವಲ್ಲ. ತಿಂಗಳಾದರೆ ಸಂಬಳ ಖಾತೆಗೆ ಬೀಳುತ್ತದೆ, ಕಂತು ತಪ್ಪುವ ಭಯ ಕಡಿಮೆ. ಆ ಭರವಸೆಗೆ ಕಟ್ಟಿದ ಬೆಲೆ ಅದು. ನೀವು ನಗದು ವ್ಯಾಪಾರದವರು. ಕಂತಿನ ಭಯವೇ ನಿಮಗಿಲ್ಲ. ಹಾಗಾಗಿ ಬ್ಯಾಂಕಿಗೆ ಸಿಗುವ ಲಾಭ ನಿಮಗೆ ಸಿಗಲ್ಲ.

ಮಿಲಿಟರಿ ಕ್ಯಾಂಟೀನ್ ಮಾತೂ ಜನ ಎತ್ತುತ್ತಾರೆ. ಕೊಡಗು, ಬೆಳಗಾವಿ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ ಅದು. ಆ ಕ್ಯಾಂಟೀನುಗಳಿಗೆ ಮಾಲು ಒದಗಿಸುವ, 1948ರಿಂದ ನಡೆಯುತ್ತಿರುವ ಸಿಎಸ್‌ಡಿ (ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್) ಇಡೀ ದೇಶಕ್ಕೆ ಒಟ್ಟಾಗಿ ಖರೀದಿ ಮಾಡುತ್ತದೆ. ಖರೀದಿಗೆ ಕಟ್ಟಿದ ಜಿಎಸ್‌ಟಿಯಲ್ಲಿ ಅರ್ಧ ಅದಕ್ಕೆ ವಾಪಸ್ ಬರುತ್ತದೆ. ಅಲ್ಲಿ ಬೆಲೆ ಕಡಿಮೆ ಇರುವುದು ಸರ್ಕಾರ ತನ್ನ ತೆರಿಗೆ ಬಿಟ್ಟುಕೊಟ್ಟಿದ್ದರಿಂದ. ನಿಮ್ಮ ಅಂಗಡಿಯಲ್ಲಿ ಬಿಟ್ಟುಕೊಡುವವರು ನೀವೊಬ್ಬರೇ. ದೇಶಕ್ಕಾಗಿ ದುಡಿಯುವವರಿಗೆ ಏನಾದರೂ ಮಾಡಬೇಕು ಅನ್ನೋದು ಒಳ್ಳೆಯ ಮನಸ್ಸು. ಆದರೆ ಅವರ ಸಂಬಳ, ಸೌಲಭ್ಯ ನೋಡಿಕೊಳ್ಳುವ ಜವಾಬ್ದಾರಿ ಸರ್ಕಾರದ್ದು, ಚಪ್ಪಲಿ ಅಂಗಡಿಯದ್ದಲ್ಲ.

ನಿಮ್ಮ ಮನೆಯವರ ಪ್ರಶ್ನೆಗೆ ಬರುತ್ತೇನೆ. ಅವರ ಮಾತಿನಲ್ಲಿ ತೂಕವಿದೆ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಮೇಲೆ ಕಾಯಂ ನೌಕರರ ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಗರಿಷ್ಠ ಮೂಲ ವೇತನ 2,41,200. ಇತ್ತ ನರೇಗಾ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಅದೂ ಕೆಲಸ ಸಿಕ್ಕ ದಿನ. ಎಪಿಎಂಸಿಯ ಹಮಾಲರೊಬ್ಬರು ಪೂರ್ತಿ ಬೆಲೆ ಕೊಟ್ಟು ಚಪ್ಪಲಿ ಕೊಳ್ಳುವಾಗ ಪಕ್ಕದಲ್ಲಿ ಗೆಜೆಟೆಡ್ ಅಧಿಕಾರಿಗೆ ಹತ್ತು ಪರ್ಸೆಂಟ್ ಬಿಟ್ಟರೆ ನೋಡುವವರಿಗೆ ಹೇಗೆ ಅನ್ನಿಸುತ್ತದೆ? ಸಣ್ಣ ಊರಲ್ಲಿ ಆ ಮಾತು ಸಂಜೆಯೊಳಗೆ ಹರಡುತ್ತದೆ.

ಇದರಲ್ಲಿ ಇನ್ನೊಂದು ಕಾಣದ ಸಂಗತಿ ಇದೆ. ಹೋದ 12 ಸಾವಿರವನ್ನು ತುಂಬಿಸಿಕೊಳ್ಳಲು ಅಂಗಡಿಯವರು ಸಾಮಾನ್ಯವಾಗಿ ಮಾಡೋದು ಉಳಿದವರ ಬೆಲೆ ಸ್ವಲ್ಪ ಏರಿಸೋದು. ಉಳಿದವರ ವ್ಯಾಪಾರ 2 ಲಕ್ಷ 80 ಸಾವಿರ. ಅದರಲ್ಲಿ 12 ಸಾವಿರ ಎತ್ತಬೇಕಾದರೆ ನೂರಕ್ಕೆ ನಾಲ್ಕು ರೂಪಾಯಿ ಚಿಲ್ಲರೆ ಏರಿಸಬೇಕು. 300 ರೂಪಾಯಿ ಚಪ್ಪಲಿಗೆ 13 ರೂಪಾಯಿ. ಎಂಆರ್‌ಪಿ ಛಾಪಿಸಿದ ಮಾಲಿನಲ್ಲಿ ಅದು ಆಗಲ್ಲ, ಎಂಆರ್‌ಪಿ ಮೀರುವುದು ತಪ್ಪು. ಎಂಆರ್‌ಪಿಗಿಂತ ಕಡಿಮೆಗೆ ಕೊಡುತ್ತಿದ್ದ ಮಾಲಿನಲ್ಲಿ ಬೆಲೆ ಸದ್ದಿಲ್ಲದೆ ಏರುತ್ತದೆ. ಕೊನೆಗೆ ಅಧಿಕಾರಿಯ ರಿಯಾಯಿತಿಯ ದುಡ್ಡು ಹಮಾಲರ ಜೇಬಿನಿಂದ ಹೋದ ಹಾಗಾಯಿತು. ಇದನ್ನು ಮಾತ್ರ ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಬೆಲೆ ಏರಿಸಿ ಆಮೇಲೆ 'ಭಾರಿ ರಿಯಾಯಿತಿ' ಅಂತ ಬೋರ್ಡ್ ಹಾಕೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ತಪ್ಪು.

ಆದರೆ ಮನೆಯವರ ಮಾತಿಗೆ ನಾನೊಂದು ತಿದ್ದುಪಡಿ ಸೇರಿಸುತ್ತೇನೆ. 'ಸರ್ಕಾರದ ಕೆಲಸ ಮಾಡುವವರು' ಅಂದರೆ ಎಲ್ಲರೂ ವೇತನ ಆಯೋಗದ ಸಂಬಳದವರಲ್ಲ. ಆಶಾ ಕಾರ್ಯಕರ್ತೆಯರನ್ನು ನೋಡಿ. ಅವರು ಕಾಗದದ ಮೇಲೆ ನೌಕರರೇ ಅಲ್ಲ, ಸ್ವಯಂಸೇವಕರು. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅದನ್ನು ಹೆಚ್ಚಿಸಿ, ನಿಗದಿ ಮಾಡಿ ಅಂತ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತಿದ್ದರು. ಅಂಗನವಾಡಿಯವರು, ಅತಿಥಿ ಶಿಕ್ಷಕರು, ಹೊರಗುತ್ತಿಗೆಯ ಪೌರಕಾರ್ಮಿಕರು, ಆಸ್ಪತ್ರೆಯ ಹೊರಗುತ್ತಿಗೆ ಗ್ರೂಪ್ ಡಿ ಕೆಲಸದವರು, ಬಿಸಿಯೂಟದ ಅಡುಗೆಯವರು ಕೂಡ ಇದೇ ಸಾಲಿನವರು. ಊರಿನ ಕೆಲಸ ಇವರಿಂದಲೇ ನಡೆಯುತ್ತದೆ. ನೌಕರರ ಸಂಘದ ಪಟ್ಟಿಯಲ್ಲಿ ಇವರ ಹೆಸರು ಇರುವುದಿಲ್ಲ. ಸಂಘ ಕೊಟ್ಟ ಪಟ್ಟಿಯ ಪ್ರಕಾರ ರಿಯಾಯಿತಿ ಕೊಟ್ಟರೆ ಬೇಕಾದವರಿಗೆ ತಪ್ಪಿ, ಬೇಡದವರಿಗೆ ತಲುಪುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಬೇಸರ ತರಿಸುವುದು ಇದೇ.

ಕಾನೂನಿನ ಬಗ್ಗೆ ಎರಡು ತಪ್ಪು ತಿಳಿವಳಿಕೆ ನಮ್ಮ ಕಡೆ ಓಡಾಡುತ್ತಿವೆ. ಒಂದು ವರ್ಗದವರಿಗೆ ಮಾತ್ರ ಕಡಿಮೆ ಬೆಲೆಗೆ ಕೊಟ್ಟರೆ ತಾರತಮ್ಯದ ಕೇಸ್ ಆಗುತ್ತದೆ ಅನ್ನೋದು ಮೊದಲನೆಯದು. ಹಾಗಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲಿಗೆ ಬರುವವರನ್ನು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗದ ಮೇಲೆ ತಡೆಯಬಾರದು ಅನ್ನುತ್ತದೆ. ಉದ್ಯೋಗ ಆ ಪಟ್ಟಿಯಲ್ಲಿಲ್ಲ. ನರ್ಸ್‌ಗಳಿಗೆ ಐದು ಪರ್ಸೆಂಟ್ ಬಿಡುತ್ತೇನೆ ಅಂತ ನೀವು ಬೋರ್ಡ್ ಹಾಕಬಹುದು. ಎರಡನೆಯದು ಅದರ ತದ್ವಿರುದ್ಧ. ರಿಯಾಯಿತಿ ಅಂತ ಹೆಸರಿಟ್ಟುಬಿಟ್ಟರೆ ಯಾರಿಗೆ ಎಷ್ಟು ಬೇಕಾದರೂ ಬಿಡಬಹುದು, ಅದು ಲಂಚ ಆಗಲ್ಲ ಅನ್ನುತ್ತಾರೆ. ಇದೂ ತಪ್ಪು, ಮತ್ತು ಅಪಾಯದ ತಪ್ಪು.

1988ರ ಭ್ರಷ್ಟಾಚಾರ ತಡೆ ಕಾಯ್ದೆಯನ್ನು 2018ರಲ್ಲಿ ತಿದ್ದುಪಡಿ ಮಾಡಿದರು. ಅದರ 11ನೇ ಸೆಕ್ಷನ್ ನೀವು ತಿಳಿದಿರಬೇಕು. ತನ್ನ ಕಚೇರಿಯಲ್ಲಿ ಕೆಲಸ ಇರುವವರಿಂದ, ಅಥವಾ ಮುಂದೆ ಬರಬಹುದಾದವರಿಂದ, ನೌಕರರು ಬಿಟ್ಟಿಯಾಗಿ ಇಲ್ಲವೇ ತಕ್ಕುದಲ್ಲದ ಕಡಿಮೆ ಬೆಲೆಗೆ ಅಂತ ತಿಳಿದೂ ಏನಾದರೂ ಪಡೆದರೆ ಅದು ಅಪರಾಧ. ಆರು ತಿಂಗಳಿಂದ ಐದು ವರ್ಷ ಜೈಲು. ಹಣವೇ ಆಗಬೇಕು ಅಂತಿಲ್ಲ, ಶೂ ಆದರೂ ಅಷ್ಟೆ. 8ನೇ ಸೆಕ್ಷನ್ ಕೊಡುವವರದ್ದು. ಕೆಲಸ ಮಾಡಿಸಿಕೊಳ್ಳಲು ಕೊಟ್ಟರೆ ಕೊಟ್ಟವರಿಗೂ ಏಳು ವರ್ಷದವರೆಗೆ ಶಿಕ್ಷೆ ಆಗಬಹುದು. ಒತ್ತಾಯಕ್ಕೆ ಮಣಿದು ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು, ಆಗ ಕೊಟ್ಟವರಿಗೆ ರಕ್ಷಣೆ ಇದೆ. ಕೇಂದ್ರದ 1964ರ ನಡತೆ ನಿಯಮ, ರಾಜ್ಯದ 2021ರ ನಡತೆ ನಿಯಮ ಎರಡೂ ನೌಕರರು ಉಡುಗೊರೆ ಪಡೆಯುವುದಕ್ಕೆ ಮಿತಿ ಹಾಕಿವೆ.

ಹಾಗಾದರೆ ಒಬ್ಬ ನರ್ಸ್‌ಗೆ ಬಿಡುವ ಐದು ಪರ್ಸೆಂಟಿಗೂ ಲೈಸೆನ್ಸ್ ಅಧಿಕಾರಿಗೆ ಬಿಡುವ ಐದು ಪರ್ಸೆಂಟಿಗೂ ಏನು ವ್ಯತ್ಯಾಸ? ನರ್ಸ್ ಕೈಯಲ್ಲಿ ನಿಮ್ಮ ಅಂಗಡಿಯ ಯಾವ ಕಾಗದವೂ ಇಲ್ಲ. ನಾನು ನನ್ನ ಕಕ್ಷಿದಾರರಿಗೆ ಇದೊಂದೇ ಪ್ರಶ್ನೆ ಕೇಳಿಕೊಳ್ಳಿ ಅನ್ನುತ್ತೇನೆ: 'ಇವರಿಗೆ ಬಿಡದಿದ್ದರೆ ನನಗೆ ಭಯ ಇದೆಯಾ?' ಭಯ ಇದ್ದರೆ ಅದು ರಿಯಾಯಿತಿ ಅಲ್ಲ. ಪುರಸಭೆ, ತೆರಿಗೆ, ಕಾರ್ಮಿಕ ಇಲಾಖೆ, ತೂಕ ಮತ್ತು ಅಳತೆ, ಪೊಲೀಸ್ ಠಾಣೆ, ಹೆಸ್ಕಾಂ, ಇವರಲ್ಲಿ ಯಾರಿಗೆ ನಿಮ್ಮ ಅಂಗಡಿಯ ಮೇಲೆ ಅಧಿಕಾರ ಇದೆಯೋ ಅವರಿಗೆ ಎಲ್ಲ ಗಿರಾಕಿಗೂ ಇರುವ ಬೆಲೆಯೇ ಇರಲಿ.

ನನ್ನ ಹತ್ತಿರ ಲೆಕ್ಕ ಬರೆಸುತ್ತಿದ್ದ ಒಬ್ಬ ಬೇಕರಿಯವರು ಒಂದು ಕಚೇರಿಯ ಅಧಿಕಾರಿಗೆ ವರ್ಷಗಟ್ಟಲೆ ಅರ್ಧ ಬೆಲೆಗೆ ಕೇಕು, ಬ್ರೆಡ್ಡು ಕೊಟ್ಟರು. ಯಾರೂ ಕೇಳಿರಲಿಲ್ಲ, ಇವರೇ ಒಳ್ಳೆಯ ಸಂಬಂಧ ಇರಲಿ ಅಂತ ಶುರು ಮಾಡಿದ್ದು. ಆ ಅಧಿಕಾರಿಗೆ ವರ್ಗ ಆಯಿತು. ಹೊಸಬರು ಬಂದ ಮೊದಲ ವಾರವೇ 'ನಮಗೆ ಇಲ್ಲಿ ಅರ್ಧ ರೇಟು ಅಲ್ವಾ?' ಅಂತ ಕೇಳಿದರು. ಆಮೇಲೆ ಅವರ ಕಚೇರಿಯ ಇನ್ನೂ ನಾಲ್ವರು ಬಂದರು. ನಿಲ್ಲಿಸಿದಾಗ ನೋಟಿಸ್ ಬಂತು. ನೋಟಿಸಿಗೂ ಬ್ರೆಡ್ಡಿಗೂ ಸಂಬಂಧ ಇದೆ ಅಂತ ಹೇಳಲು ಅವರ ಕೈಯಲ್ಲಿ ಒಂದು ಬಿಲ್ ಕೂಡ ಇರಲಿಲ್ಲ. ಆ ಮನುಷ್ಯ ನನ್ನ ಮುಂದೆ ಕೂತು ಕಣ್ಣೀರು ಹಾಕಿದ್ದು ಇನ್ನೂ ನೆನಪಿದೆ.

ಈಗ ಮಾಸ್ತರರ ವಿಷಯ. ಇಲ್ಲಿ ನೀವು ಗಮನಿಸದೆ ಬರೆದ ಒಂದು ಸಾಲು ನನಗೆ ಮುಖ್ಯ ಅನ್ನಿಸಿತು. ಅವರ ಶಾಲೆಗೆ ಹೋದ ವರ್ಷ ಮಕ್ಕಳ ಶೂ ಕೊಟ್ಟಿದ್ದು ನೀವೇ. ಸರ್ಕಾರಿ ಶಾಲೆ ಮಕ್ಕಳಿಗೆ ಕೊಡುವ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲವನ್ನು ಶಾಲಾ ಹಂತದಲ್ಲೇ ಖರೀದಿ ಮಾಡುತ್ತಾರೆ. ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸೇರಿ ಯಾವ ಅಂಗಡಿ, ಯಾವ ಗುಣಮಟ್ಟ ಅಂತ ತೀರ್ಮಾನ ಮಾಡುತ್ತಾರೆ. ಅಂದರೆ ಶಾಲೆ ನಿಮ್ಮ ಗಿರಾಕಿ. ಆ ಶಾಲೆಯ ಶಿಕ್ಷಕರಿಗೆ ನೀವು ಬೇರೆ ರಿಯಾಯಿತಿ ಕೊಟ್ಟು, ಮುಂದಿನ ಜೂನ್‌ನಲ್ಲಿ ಮತ್ತೆ ಆರ್ಡರ್ ನಿಮಗೇ ಬಂದರೆ, ಊರಲ್ಲಿ ಇನ್ನೊಬ್ಬ ಅಂಗಡಿಯವರು ಏನು ಹೇಳುತ್ತಾರೆ? ಮಾಸ್ತರರು ಒಳ್ಳೆಯವರೇ ಇರಬಹುದು, ಮನಸ್ಸಲ್ಲಿ ಏನೂ ಇರಲಿಕ್ಕಿಲ್ಲ. ಆದರೂ ಅರ್ಜಿ ಬಿದ್ದರೆ ಉತ್ತರ ಕೊಡಬೇಕಾದವರು ಅವರು ಮತ್ತು ನೀವು. ಶಿಕ್ಷಕರಿಗೆ ಬಿಡುವ ಆ ದುಡ್ಡನ್ನು ಮಕ್ಕಳ ಶೂವಿನ ಗುಣಮಟ್ಟಕ್ಕೆ ಹಾಕಿ. ಅದೇ ದರದಲ್ಲಿ ಇನ್ನೂ ಗಟ್ಟಿ ಅಟ್ಟೆಯ ಶೂ ಕೊಡಿ. ಮಳೆಗಾಲದಲ್ಲಿ ಹೊಲಿಗೆ ಬಿಚ್ಚಿದ ಶೂ ಹಾಕಿಕೊಂಡು ಬರುವ ಮಗುವನ್ನು ಆ ಮಾಸ್ತರರೇ ದಿನಾ ನೋಡುತ್ತಾರಲ್ಲ.

ಹಾಗಾದರೆ ಸಂಘದವರಿಗೆ ಏನು ಹೇಳೋದು? ಸಗಟು ಆರ್ಡರ್ ಕೊಡಿ ಅನ್ನಿ. ಒಂದೇ ಸಲ 50 ಜೋಡಿ, ಅರ್ಧ ದುಡ್ಡು ಮುಂಗಡ, ಅಳತೆಯ ಪಟ್ಟಿ ಅವರೇ ಮಾಡಿ ಕೊಡಬೇಕು. ಹಾಗೆ ಬಂದರೆ ನೀವು ಹೋಲ್‌ಸೇಲ್‌ನವರ ಹತ್ತಿರ ಚೌಕಾಸಿ ಮಾಡಬಹುದು, ಮಾಲು ಉಳಿಯುವ ಭಯವಿಲ್ಲ, ಬಡ್ಡಿ ಇಲ್ಲ. ಅದರಲ್ಲಿ ಎಂಟು ಹತ್ತು ಪರ್ಸೆಂಟ್ ಬಿಟ್ಟರೂ ನಿಮಗೆ ಹೊರೆ ಅಲ್ಲ. ಇದೇ ದರ ಹತ್ತಿ ಮಿಲ್ಲಿನ ಕೆಲಸಗಾರರ ಸಂಘಕ್ಕೂ, ಆಟೊ ಚಾಲಕರ ಸಂಘಕ್ಕೂ ಇರಲಿ. ಆಗ ಅದು ಸರ್ಕಾರಿ ನೌಕರರ ರಿಯಾಯಿತಿ ಆಗಲ್ಲ, ಹೆಚ್ಚು ಕೊಂಡವರ ರಿಯಾಯಿತಿ ಆಗುತ್ತದೆ. ಯಾರೂ ಬೆರಳು ತೋರಿಸುವಂತಿಲ್ಲ. 'ಎಲ್ಲರನ್ನೂ ಕಳಿಸ್ತೇವಿ' ಅನ್ನುವ ಮಾತಿನ ತೂಕವೂ ಇದರಲ್ಲಿ ಗೊತ್ತಾಗುತ್ತದೆ. ನನ್ನ ಅನುಭವದಲ್ಲಿ ಹೀಗೆ ಕೇಳಿದಾಗ ಅರ್ಧದಷ್ಟು ಸಂಘಗಳು ಮತ್ತೆ ಬರಲಿಲ್ಲ. ಬಂದವರು ವರ್ಷ ವರ್ಷ ಬಂದರು.

ಮಾಸ್ತರರಿಗೆ ಹೇಳುವಾಗ ಸುತ್ತಿ ಬಳಸಬೇಡಿ. 'ಸರ್, ನಮ್ಮ ಲಾಭ ನೂರಕ್ಕೆ ಇಷ್ಟೇ ಇದೆ. ವರ್ಷಪೂರ್ತಿ ಹತ್ತು ಬಿಟ್ಟರೆ ಅಂಗಡಿ ನಡೆಯಲ್ಲ. ಒಟ್ಟಾಗಿ ಆರ್ಡರ್ ಕೊಟ್ಟರೆ ಖಂಡಿತ ಕಡಿಮೆ ಮಾಡಿಕೊಡ್ತೇನೆ. ನಿಮ್ಮ ಶಾಲೆ ಮಕ್ಕಳ ಶೂ ನಾನೇ ಕೊಟ್ಟಿರೋದ್ರಿಂದ ನಿಮಗೆ ಬೇರೆ ರೇಟ್ ಹಾಕಿದ್ರೆ ನಾಳೆ ನಿಮಗೇ ಮಾತು ಬರುತ್ತೆ.' ಇಷ್ಟು ಸಾಕು. ಇದರಲ್ಲಿ ಸುಳ್ಳಿಲ್ಲ, ಅವಮಾನವೂ ಇಲ್ಲ. ಮರ್ಯಾದೆಯಿಂದ ಬದುಕಿದ ಮೇಷ್ಟ್ರಿಗೆ ಕೊನೆಯ ಮಾತು ಬೇಗ ಅರ್ಥವಾಗುತ್ತದೆ.

ಇನ್ನು ನಿಮ್ಮ ಮನಸ್ಸಿನಲ್ಲಿ ಕೃತಜ್ಞತೆ ಇದ್ದರೆ, ಪತ್ರ ಓದಿದಾಗ ಇದೆ ಅಂತಲೇ ಅನ್ನಿಸಿತು, ಅದನ್ನು ಸರಿಯಾದ ಕಡೆ ತಿರುಗಿಸಿ. ನಿಮ್ಮದು ಪಾದರಕ್ಷೆ ಅಂಗಡಿ. ನಡೆದು ದುಡಿಯುವವರಿಗೆ ನೀವು ನೇರವಾಗಿ ನೆರವಾಗಬಹುದು. ಆಶಾ, ಅಂಗನವಾಡಿ, ಪೌರಕಾರ್ಮಿಕರು, ಗ್ರೂಪ್ ಡಿ ಸಿಬ್ಬಂದಿ, ಎಲ್ಲ ಸೇರಿ ನಿಮ್ಮ ಊರಲ್ಲಿ 120 ಜನ ಅಂತ ಇಟ್ಟುಕೊಳ್ಳಿ. ತಲಾ ವರ್ಷಕ್ಕೆ ಎರಡು ಜೋಡಿ, ಜೋಡಿಗೆ 500 ರೂಪಾಯಿ, 15 ಪರ್ಸೆಂಟ್ ಬಿಟ್ಟರೆ ವರ್ಷಕ್ಕೆ 18 ಸಾವಿರ. ತಿಂಗಳಿಗೆ 1,500. ಮಾಸ್ತರರು ಕೇಳಿದ್ದರಲ್ಲಿ ಎಂಟನೇ ಒಂದು ಪಾಲು. ಇದರಲ್ಲಿ ನಿಮ್ಮ ಮನೆಯವರು ಹೇಳಿದ ಹಮಾಲರನ್ನೂ ಸೇರಿಸಿಕೊಳ್ಳಿ, ಸರ್ಕಾರದ್ದೇ ಕೆಲಸ ಆಗಬೇಕು ಅಂತ ಯಾಕೆ? 'ನಡೆದು, ಹೊತ್ತು ದುಡಿಯುವವರಿಗೆ' ಅಂತ ಬೋರ್ಡ್ ಬರೆಸಿ. ಒಂದು ಎಚ್ಚರಿಕೆ: ಗುರುತಿನ ಚೀಟಿ ಇಲ್ಲದವರು ಬಹಳ ಜನ ಇರುತ್ತಾರೆ. ಹೊರಗುತ್ತಿಗೆಯವರಿಗೆ ಏಜೆನ್ಸಿಯವರು ಚೀಟಿಯನ್ನೇ ಕೊಟ್ಟಿರಲ್ಲ. ಸಮವಸ್ತ್ರ ನೋಡಿ, ಮಾತು ನಂಬಿ ಕೊಡಿ. ಹತ್ತರಲ್ಲಿ ಒಬ್ಬರು ಸುಳ್ಳು ಹೇಳಿ ತೆಗೆದುಕೊಂಡರೂ 75 ರೂಪಾಯಿಯ ಮಾತು. ಆಧಾರ್ ಜೆರಾಕ್ಸ್ ಕೇಳಲೇಬೇಡಿ, ಗುರುತಿನ ಚೀಟಿ ಇದ್ದರೂ ನೋಡಿ ವಾಪಸ್ ಕೊಡಿ, ಫೋಟೊ ತೆಗೆದಿಟ್ಟುಕೊಳ್ಳುವುದು ಬೇಡ.

ದುಡ್ಡು ಬಿಡದೆ ಮಾಡಬಹುದಾದದ್ದೂ ಇದೆ. ಬಸ್ ಡಿಪೊದ ಚಾಲಕರು, ಆಸ್ಪತ್ರೆಯ ರಾತ್ರಿ ಪಾಳಿಯವರು ನಿಮ್ಮ ಅಂಗಡಿ ತೆರೆದಿರುವ ಹೊತ್ತಿಗೆ ಬರಲು ಆಗಲ್ಲ. ತಿಂಗಳ ಮೊದಲ ವಾರ ಎರಡು ಸಂಜೆ ಡಿಪೊ ಹತ್ತಿರ, ಆಸ್ಪತ್ರೆ ಹತ್ತಿರ ಹುಡುಗನ ಕೈಲಿ ಮಾಲು ಕಳಿಸಿ, ಅಲ್ಲಿಯವರನ್ನು ಕೇಳಿಕೊಂಡು. ಆರು ತಿಂಗಳವರೆಗೆ ಹೊಲಿಗೆ, ಅಂಟು ಉಚಿತ ಅನ್ನಿ. ಚಮ್ಮಾರರಿಗೆ ನೀವು ಕೊಡುವ 30-40 ರೂಪಾಯಿ ಹತ್ತು ಪರ್ಸೆಂಟಿಗಿಂತ ಕಡಿಮೆ. ಗಿರಾಕಿಗೆ ಅದರ ಬೆಲೆ ಜಾಸ್ತಿ, ಮತ್ತೆ ಅಂಗಡಿಗೆ ಬರಲು ಒಂದು ನೆಪವೂ ಸಿಗುತ್ತದೆ.

ತೆರಿಗೆ ಬಗ್ಗೆ ಚುಟುಕಾಗಿ. ಯಾವ ರಿಯಾಯಿತಿ ಕೊಟ್ಟರೂ ಮಾರುವಾಗಲೇ ಬಿಲ್ಲಿನಲ್ಲಿ ಬರೆಯಿರಿ: ಬೆಲೆ ಇಷ್ಟು, ರಿಯಾಯಿತಿ ಇಷ್ಟು, ಕೊಟ್ಟದ್ದು ಇಷ್ಟು. ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಗೆ ತೆರಿಗೆ ಇಲ್ಲ. ನೀವು ಕಾಂಪೊಸಿಷನ್‌ನಲ್ಲಿರುವುದರಿಂದ ಒಟ್ಟು ವ್ಯಾಪಾರದ ಮೇಲೆ ಶೇಕಡಾ 1 ನಿಮ್ಮ ಕೈಯಿಂದಲೇ ಕಟ್ಟುತ್ತೀರಿ, ಗಿರಾಕಿಯ ಬಿಲ್ಲಿನಲ್ಲಿ ತೆರಿಗೆ ಅಂತ ಬರೆಯುವ ಹಾಗಿಲ್ಲ. ಹಾಗಾಗಿ 'ನಿಮಗೆ ಜಿಎಸ್‌ಟಿ ಬಿಟ್ಟಿದ್ದೇವೆ' ಅನ್ನುವ ಬೋರ್ಡ್ ನಿಮಗೆ ಸಲ್ಲದು. ತಿಂಗಳ ಕೊನೆಗೆ ಸಂಘಕ್ಕೆ ಒಟ್ಟಿಗೆ ದುಡ್ಡು ವಾಪಸ್ ಕೊಡುವ ಪದ್ಧತಿಗೆ ಹೋಗಬೇಡಿ. ತೆರಿಗೆ ಲೆಕ್ಕವೂ ತೊಡಕು, ನೋಡುವವರಿಗೂ ಕಮಿಷನ್ ಥರ ಕಾಣುತ್ತದೆ.

ಐದು ಪರ್ಸೆಂಟ್ ಪ್ರಯೋಗ ಮಾಡಲೇಬೇಕು ಅನ್ನಿಸಿದರೆ ಮೇ 20ರಿಂದ ಜೂನ್ 20ರವರೆಗೆ ಅಂತ ದಿನ ಕಟ್ಟಿ ಮಾಡಿ, ಶಾಲೆಗೆ ಹೋಗುವ ಮಕ್ಕಳಿರುವ ಎಲ್ಲ ಮನೆಯವರಿಗೂ. ಕೊನೆಯ ದಿನ ಬೋರ್ಡಿನಲ್ಲೇ ಇರಲಿ. ಕೊನೆ ದಿನಾಂಕ ಇಲ್ಲದ ರಿಯಾಯಿತಿಯನ್ನು ನಿಲ್ಲಿಸೋದು ಬಹಳ ಕಷ್ಟ, ಜನ ಅದನ್ನು ಬೆಲೆ ಏರಿಕೆ ಅಂತಲೇ ತಿಳಿಯುತ್ತಾರೆ. ರಿಜಿಸ್ಟರಿನಲ್ಲಿ ಎರಡು ಕಾಲಂ ಮಾಡಿ, ಹಳೆ ಗಿರಾಕಿ ಎಷ್ಟು, ಹೊಸ ಗಿರಾಕಿ ಎಷ್ಟು ಅಂತ. ಹೊಸಬರು ಕಾಣದಿದ್ದರೆ ಮುಂದಿನ ವರ್ಷ ಬಿಟ್ಟುಬಿಡಿ.

ಕೊನೆಗೆ ಆ 1,150 ರೂಪಾಯಿ. ರಿಯಾಯಿತಿ ಪದ್ಧತಿ ಅದಕ್ಕೆ ದಾರಿ ಆಗಲ್ಲ, ಅದಕ್ಕೆ ಹೆಸರು ಕೊಟ್ಟು ಖಾಯಂ ಮಾಡುತ್ತದೆ. ಅದನ್ನು ಉದ್ರಿ ಅಂತಲೇ ನಿಮ್ಮ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ. ಬಿಲ್ ಬರೆದು ಹುಡುಗನ ಕೈಲಿ ಕಳಿಸಿ, 'ವರ್ಷದ ಲೆಕ್ಕ ಮುಗಿಸ್ತಿದ್ದೇವೆ ಸರ್' ಅಂತ ಹೇಳಿಸಿ. ಮಾತಿನಲ್ಲಿ ಸಿಟ್ಟು ಬೇಡ. ಇಂಥವರಲ್ಲಿ ಬಹಳ ಜನ ಬಿಲ್ ನೋಡಿದ ಕೂಡಲೇ ಕೊಟ್ಟುಬಿಟ್ಟಿದ್ದನ್ನು ನಾನು ನೋಡಿದ್ದೇನೆ, ಯಾಕೆಂದರೆ ಬರಹದಲ್ಲಿ ಉಳಿಯುವುದು ಅವರಿಗೂ ಬೇಡ. ಕೊಡದಿದ್ದರೆ ಇನ್ನೊಮ್ಮೆ ಕಳಿಸಿ, ಎರಡೂ ಬಿಲ್ಲಿನ ನಕಲು ಇಟ್ಟುಕೊಳ್ಳಿ. ಲೈಸೆನ್ಸ್ ನವೀಕರಣದ ಅರ್ಜಿಯನ್ನು ಅವಧಿಗೆ ಮೊದಲೇ ಹಾಕಿ, ಸ್ವೀಕೃತಿ ತಪ್ಪದೆ ಪಡೆಯಿರಿ. ಅದನ್ನು ತಡೆದರೆ, ಅಥವಾ ಮತ್ತೆ ಏನಾದರೂ ಬಿಟ್ಟಿ ಕೇಳಿದರೆ, ಅದೇ ವಾರ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಕಚೇರಿಗೆ ಹೋಗಿ, ಏಳು ದಿನದ ಮಾತು ನೆನಪಿರಲಿ. ಹೋಗುವ ಮೊದಲು ಒಬ್ಬ ವಕೀಲರ ಜೊತೆ ಅರ್ಧ ಗಂಟೆ ಕೂತು ಕಾಗದ ಜೋಡಿಸಿಕೊಳ್ಳಿ. ಬಿಲ್ ಪುಸ್ತಕ ಜೊತೆಗಿರಲಿ.